ನಾಲ್ಕನೆಯ ಪಿಟೀಲು

ಗದಗ, ಫೆಬ್ರುವರಿ 30, 2187

ಇಪ್ಪತ್ತೊಂದನೆಯ ಶತಮಾನದಲ್ಲಿ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವ ಹಿರಿಯರಿಗೆ ಶಾಕಿರಾ ನದಾಫಳ ನಮಸ್ಕಾರ.

ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ. ನಮ್ಮಲ್ಲಿ ಫೆಬ್ರುವರಿಗೂ ಮೂವತ್ತು ದಿನ. ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ಸ್ಯಾಂಪಲ್ ಲೈಬ್ರರಿ ಎನ್ನುವ ಸ್ವರಗಳ ಸಂಗ್ರಹವನ್ನು ನಾವು ನಾದಕೋಶ ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಒಬ್ಬರು ಪಿಟೀಲಿನ ಒಂದೊಂದು ಸ್ವರವನ್ನೂ ಮೆಲ್ಲಗೆ, ಜೋರಾಗಿ ನುಡಿಸಿ ಮುದ್ರಿಸುತ್ತಿದ್ದರಂತೆ. ಕೀ ಒತ್ತಿದರೆ ಆ ಸ್ವರ ಕೇಳುತ್ತಿತ್ತಂತೆ. ನಮ್ಮಲ್ಲಿ ನುಡಿಸುವವರು ಉಳಿದಿಲ್ಲವೆಂದೇ ನಾನು ನಂಬಿದ್ದೆ. ಹಳೆಯ ಕೋಶವನ್ನು ಕೇಳಿ ಯಂತ್ರ ಹೊಸದೊಂದನ್ನು ಮಾಡುತ್ತದೆ, ಅದನ್ನು ಕೇಳಿ ಇನ್ನೊಂದು. ಶಾಲೆಯ ಪ್ರಾರ್ಥನೆಗೆ, ಮದುವೆಗೆ, ಸಾವಿನ ಮನೆಗೆ ಅದೇ ಪಿಟೀಲು. ಆ ಕೋಶಗಳನ್ನು ಹೋಲಿಸಿ ಅಂಕ ಕೊಡುವುದು ನನ್ನ ನೌಕರಿ. ಹದಿನೇಳು ವರ್ಷವಾಯಿತು, ನನ್ನ ಕಿವಿಯ ಬಗ್ಗೆ ನನಗೆ ಹೆಮ್ಮೆಯಿತ್ತು.

ಹೋದ ತಿಂಗಳು ನಾನೂ ನನ್ನ ಜೊತೆಗಾರ ಬಸಲಿಂಗ ಅಂಗಡಿಯೂ ನಾಲ್ಕು ಕೋಶಗಳನ್ನು ಕೇಳಿದೆವು. ನಾಲ್ಕರಲ್ಲೂ ಒಂದೇ ರಾಗ. ಮೊದಲನೆಯದು ನುಣುಪು, ಆದರೆ ಒಂದು ಸ್ವರ ಮತ್ತೆ ಬಂದಾಗ ಅಚ್ಚೊತ್ತಿದಂತೆ ಅದೇ. ಎರಡನೆಯದರಲ್ಲಿ ಕಮಾನು ತಿರುಗಿದ್ದೇ ತಿಳಿಯದು. ಮೂರನೆಯದು ದೊಡ್ಡ ಸಭಾಂಗಣದ ಆ ತುದಿಯಿಂದ ಬಂದಂತಿತ್ತು. ನಾಲ್ಕನೆಯದರಲ್ಲಿ ಸ್ವರ ಹುಟ್ಟುವ ಮೊದಲು ಸಣ್ಣ ಗೀರು, ಸ್ವರದಿಂದ ಸ್ವರಕ್ಕೆ ಜಾರುವಾಗ ನಡುಕ, ನಡುನಡುವೆ ಯಾರೋ ಉಸಿರೆಳೆದ ಸದ್ದು. ಇಬ್ಬರೂ ಅದಕ್ಕೇ ಎಲ್ಲಕ್ಕಿಂತ ಕಡಿಮೆ ಅಂಕ ಕೊಟ್ಟೆವು. ಷರಾದಲ್ಲಿ ನಾನು "ಕೃತಕ" ಎಂದು ಬರೆದೆ.

ನಮ್ಮ ಕೇಂದ್ರದ ಮುಖ್ಯಸ್ಥೆ ಹಾಳೆ ಓದಿ ಪಕ್ಕದ ಕೋಣೆಯ ಬಾಗಿಲು ತೆರೆದರು. ಒಳಗೆ ಚಾಪೆಯ ಮೇಲೆ ಗಂಗವ್ವ ಕುರಡಗಿ ಎಂಬ ಮುದುಕಿ, ಪಿಟೀಲನ್ನು ಎದೆಗಾನಿಸಿ ಅದರ ತುದಿಯನ್ನು ಪಾದದ ಮೇಲಿಟ್ಟುಕೊಂಡು ಕುಳಿತಿದ್ದರು. ನಾಲ್ಕನೆಯದು ಕೋಶವೇ ಅಲ್ಲ. ನಮ್ಮ ಕಿವಿಯನ್ನು ಪರೀಕ್ಷಿಸಲು ಮುಖ್ಯಸ್ಥೆಯೇ ಅವರನ್ನು ಹುಡುಕಿ ಕರೆತಂದು, ಆ ಕೋಣೆಯಲ್ಲಿ ಕುಳಿತು ನುಡಿಸಲು ಹೇಳಿದ್ದರು. ಬಸಲಿಂಗ ನಾಚಿ ಹಾಳೆ ಹರಿಯಹೋದ, ಮುಖ್ಯಸ್ಥೆ ಬಿಡಲಿಲ್ಲ. ಗಂಗವ್ವ ಸಿಟ್ಟಾಗಲಿಲ್ಲ. ನನ್ನನ್ನೇ ನೋಡಿ ಕೇಳಿದರು:

"ಎಲ್ಲಿ ತಪ್ಪಾತು, ಯವ್ವಾ? ಹೇಳು, ತಿದ್ಕೋತೀನಿ."

ಆಗ ಹೊಕ್ಕ ಹೆದರಿಕೆ ಇನ್ನೂ ಇಳಿದಿಲ್ಲ. ಏಕೆಂದರೆ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು: ಗೀರು ಬಿಡಿ, ಉಸಿರು ಬಿಗಿಹಿಡಿಯಿರಿ. ಹೇಳಿದ್ದರೆ ಅವರು ನಿಜಕ್ಕೂ ತಿದ್ದಿಕೊಳ್ಳುತ್ತಿದ್ದರು.

ಬದಲಿಗೆ, ಅವರ ವಾದನವನ್ನು ಮುದ್ರಿಸಿಕೊಳ್ಳುತ್ತೇವೆಂದೆ. ಅವರು ಒಪ್ಪಲಿಲ್ಲ.

"ನನ್ನನ್ನ ಡಬ್ಬ್ಯಾಗ ತುಂಬಬ್ಯಾಡ. ಕೂಡು, ಕಲಿ."

ಈಗ ದಿನಾ ಬೆಳಿಗ್ಗೆ ಅವರ ಮನೆಗೆ ಹೋಗುತ್ತೇನೆ. ಬೆರಳ ತುದಿಗಳು ಬಾತಿವೆ. ಅವರಿಗೆ ಎಂಬತ್ತೊಂದು, ಕಮಾನು ಹಿಡಿದ ಕೈ ಬೇಗ ಸೋಲುತ್ತದೆ. ನನ್ನ ಕಿವಿಯೋ ಇನ್ನೂ ಅವರ ಸ್ವರವನ್ನು ತಪ್ಪು ಎನ್ನುತ್ತಲೇ ಇದೆ. ಅವರಿರುವಷ್ಟರಲ್ಲಿ ಅದು ಸರಿಹೋಗದಿದ್ದರೆ, ಆಮೇಲೆ ಅದನ್ನು ತಿದ್ದುವವರು ಯಾರು?

ಅದಕ್ಕೇ ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ. ಈ ಕೋಶ ಮೇಲೋ ಆ ಕೋಶ ಮೇಲೋ ಎಂದು ನೋಡಲು ಕೂರುವ ಮೊದಲು, ನುಡಿಸುವವರ ಬಳಿ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತು ಬನ್ನಿ. ಮಕ್ಕಳನ್ನೂ ಕರೆದೊಯ್ಯಿರಿ. ನಿಮ್ಮ ಊರಲ್ಲಿ ಅಂಥವರು ಇನ್ನೂ ಇದ್ದಾರೆ. ನಾವು ಹುಡುಕುವ ಹೊತ್ತಿಗೆ ಒಬ್ಬರೇ ಸಿಕ್ಕರು.