ಮತ್ತೊಮ್ಮೆ ಕೊಯ್ಯಿಸಿಕೊಳ್ಳುವುದು

೧೮ ಫೆಬ್ರವರಿ ೨೦೨೫, ಮಂಗಳವಾರ. ದೇವಬಾಗ.

ನನ್ನ ಪೇಸ್‌ಮೇಕರಿನ ತಂತಿ ಸರಿದಿದೆಯಂತೆ. ಮತ್ತೆ ಕೊಯ್ದು ಕೂಡಿಸದಿದ್ದರೆ ಯಾವತ್ತಾದರೂ ತಲೆತಿರುಗಿ ಬಿದ್ದವಳು ಏಳಲಿಕ್ಕಿಲ್ಲ ಎಂದು ಡಾಕ್ಟರು ಹೇಳಿ ವಾರವಾಯಿತು. ಮೊದಲ ಗಾಯವೇ ಇನ್ನೂ ನೋಯುತ್ತಿದೆ. ಬೇಡವೆಂದೇ ಇದ್ದೆ.

ಇಂದು ಕಾರವಾರದ ಮೀನುಪೇಟೆಗೆ ಹೋದೆ. ಇಷ್ಟು ವರ್ಷ ನಾನು ಕೂತ ಜಾಗದಲ್ಲಿ ನಾದಿನಿ ದುರ್ಗಿ ಬಂಗಡೆ ಹರವಿಕೊಂಡು ಕೂತಿದ್ದಳು. ಬೆನ್ನ ಹಿಂದೆ ನಿಂತ ನನ್ನನ್ನು ನೋಡಲಿಲ್ಲ. ಗಿರಾಕಿಯೊಬ್ಬಳು ನನ್ನ ಬಗ್ಗೆ ವಿಚಾರಿಸಿದಳು. ಅತ್ತಿಗೆಯಾದ ನನ್ನನ್ನು ವೈನಿ ಎಂದೇ ಕರೆಯುವ ದುರ್ಗಿ ಹೇಳಿದಳು:

“ವೈನೀದ್ ಮುಗೀತು ಮಾರಾಯ್ತಿ. ಮತ್ತೆ ಕೊಯ್ಸೂದ್ ಬೇಡ ಹೇಳಿ ನಾನೇ ಹೆದರ್ಸಿ ಇಟ್ಟಿದ್ದೆ. ಈ ಜಾಗ ಇನ್ ನಂದೇ.”

ಮೊನ್ನೆ ನನ್ನ ತಲೆ ನೇವರಿಸಿ, ‘ಇನ್ನೂ ನೋವು ತಿನ್ನೂದ್ ಬೇಡ ವೈನೀ’ ಎಂದು ಅತ್ತವಳು ಇವಳೇ.

ಅಲ್ಲೇ ನಿಂತು, ಅವಳಿಗೆ ಕೇಳುವಂತೆ, ಮಗ ಸಂದೇಶನಿಗೆ ಫೋನ್ ಮಾಡಿದೆ. “ಆಪರೇಷನ್ ಮಾಡ್ಸ್ಕಂತೆ ನಾನು, ಮಗಾ. ಡಾಕ್ಟ್ರಿಗೆ ಹೇಳು.”

ದುರ್ಗಿ ತಿರುಗಿದಳು. ಮುಖ ಸುಣ್ಣ. ಮೊಮ್ಮಗಳು ಹುಟ್ಟಿದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಈಗ ಮಲಗಿದರೆ ಹೆದರಿಕೆ. ಆಪರೇಷನ್ ಮೇಜಿನ ಮೇಲೇ ಸತ್ತರೆ ಅವಳೇ ಗೆದ್ದಳು. ಬದುಕಿದರೆ ಆ ಮುಖ ಇನ್ನೊಮ್ಮೆ ನೋಡಬೇಕು, ತುಂಬಿದ ಪೇಟೆಯಲ್ಲಿ, ಅವಳ ಬುಟ್ಟಿಯನ್ನು ನಾನೇ ಎತ್ತಿ ಚರಂಡಿಯ ಬದಿಗೆ ಇಡುವಾಗ.