ಫೋಟೋದಿಂದ ಸರಿದು ನಿಂತವನು

ಶಿಗ್ಗಾಂವ, ಗುರುವಾರ

ಸಂಜಯ ಸರ್ ಅವರಿಗೆ,

ನಮಸ್ಕಾರ. ನೌಕರಿಯಿಂದ ತೆಗೆದದ್ದಕ್ಕೆ ತಕರಾರು ಮಾಡಲು ಬರೆದಿಲ್ಲ. ಟಾರ್ಗೆಟ್ ಮುಟ್ಟದವರನ್ನು ಮೀಟಿಂಗಿನಲ್ಲಿ ನಿಲ್ಲಿಸಿ ನೀವು ಬೈಯುವಾಗ ಉಳಿದವರು ಚಪ್ಪಾಳೆ ತಟ್ಟಬೇಕಲ್ಲ, ಆ ಕೆಲಸ ತಪ್ಪಿತು. ಅದನ್ನು ಲಾಭದ ಕಡೆಗೇ ಬರೆದುಕೊಂಡಿದ್ದೇನೆ.

ಇದು ಮುಸ್ತಾಕನ ವಿಷಯ. ಹಾನಗಲ್ಲ, ಸವಣೂರ ಎಲ್ಲ ಒಂದೇ ಬೈಕಿನಲ್ಲಿ ತಿರುಗಿ ಗೋವಿನಜೋಳದ ಬೀಜ ಮಾರಿದವರು ನಾವು. ನಿನ್ನೆ ಗೌಸಸಾಬರ ಬೀಜದ ಅಂಗಡಿ ಮುಂದೆ ನಿಮಗೆ ಕಳಿಸುವ ಹಾಜರಿ ಫೋಟೋ ತೆಗೆದುಕೊಳ್ಳುತ್ತಿದ್ದ. ಮಾತಾಡಿಸಲು ಹೋದೆ.

"ಅಣ್ಣಾ, ಚೂರು ಸರದು ನಿಂದರ್ರಿ, ಫೋಟೋದಾಗ ಬರ್ತೀರಿ. ತಗದು ಹಾಕಿದವ್ರ ಕೂಡ ಮಾತಾಡಿದ್ರ ನಿನ್ನೂ ಮನೀಗೆ ಕಳಸ್ತೇನಿ ಅಂದಾರ ಸಾಹೇಬ್ರು," ಎಂದ.

ಸರಿದು ನಿಂತೆ. ಫೋಟೋ ಕಳಿಸಿ, ನನ್ನ ಮುಖ ನೋಡದೆ ಬೈಕ್ ಹತ್ತಿ ಹೋದ.

ಮಾತಿನಿಂದಲೇ ಹೊಟ್ಟೆ ಹೊರೆದವನು ನಾನು. ಈಗ ಬಾಯಿ ತೆರೆಯುವುದು ಊಟಕ್ಕಷ್ಟೇ.

ಕಂಪನಿಯ ವಾಟ್ಸಾಪ್ ಗ್ರೂಪಿನಲ್ಲಿ ನೀವು ಬರೆದದ್ದನ್ನು ಬಿಟ್ಟು ಅವನು ಬೇರೇನೂ ನಂಬುವುದಿಲ್ಲ. ಆದ್ದರಿಂದ ದಯವಿಟ್ಟು ಅಲ್ಲಿ ಒಂದು ಸಾಲು ಹಾಕಿರಿ: ಡ್ಯೂಟಿ ಮುಗಿದ ಮೇಲೆ ಚನ್ನವೀರಪ್ಪನ ಜೊತೆ ಚಹಾ ಕುಡಿದರೆ ಅಡ್ಡಿಯಿಲ್ಲ.

ಕಂಪನಿಗೆ ಏನೂ ಖರ್ಚು ಬರುವುದಿಲ್ಲ. ಚಹಾದ ರೊಕ್ಕ ನಾನೇ ಕೊಡುತ್ತೇನೆ.

ಉತ್ತರದ ದಾರಿ ನೋಡುತ್ತ,
ಚನ್ನವೀರಪ್ಪ ಗಾಣಿಗೇರ