ಚೀಲದೊಳಗಿನ ಹೆಸರು

ರೋಹಿಣಿ, ದೆಹಲಿ
8 ನವೆಂಬರ್ 2008

ಚಿ. ಅದಿತಿಗೆ ಅಮ್ಮನ ಅಕ್ಕರೆಯ ಆಶೀರ್ವಾದ.

ನೀನು ಫೋನ್ ಮಾಡಿದಾಗಲೆಲ್ಲ ನಾನು ಯಾವುದೋ ಬಸ್ಸಿನಲ್ಲಿರುತ್ತಿದ್ದೆ, ಆಮೇಲೆ ಮಾಡುತ್ತೇನೆಂದು ಇಟ್ಟುಬಿಡುತ್ತಿದ್ದೆ. ಬೇಸರಿಸಬೇಡ. ಕನ್ನಡ ಓದುವುದು ನಿನಗೆ ಕಷ್ಟ, ಗೊತ್ತು. ಆದರೆ ಈ ಮಾತು ನನಗೆ ಬೇರೆ ಭಾಷೆಯಲ್ಲಿ ಬರುವುದಿಲ್ಲ. ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದು. ಪುಣೆಯ ಹಾಸ್ಟೆಲ್ ಊಟ ಸೇರುತ್ತಿದೆಯೇ? ಚಟ್ನಿಪುಡಿ ಕಳಿಸಿದ್ದೇನೆ.

ಕಾಲೇಜುಗಳು ತೆರೆದಾಗಿನಿಂದ ಭಾಷಣಕ್ಕೆಂದು ಓಡಾಡಿ ನನ್ನ ಕಾಲು ಒಂದು ಕಡೆ ನಿಂತಿಲ್ಲ. ನೋಯ್ಡಾ, ಸೋನೀಪತ್, ಫರೀದಾಬಾದ್. ಎಲ್ಲ ಕಡೆ ಅದೇ ಹೂಗುಚ್ಛ, ಅದೇ ತಣ್ಣಗಿನ ಸಮೋಸಾ. ಒಬ್ಬ ಪ್ರಿನ್ಸಿಪಾಲರು ವಾಸಂತಿ ಎಂಬುದನ್ನು 'ವಸಂತ್ ಜೀ' ಎಂದು ಓದಿ ಕರೆದು, ಯಾರೋ ಗಂಡಸು ಏಳುತ್ತಾನೆಂದು ಕಾದರು. ಆದರೂ ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ ಕಣೇ. ದುಡಿದವರ ಜೊತೆ ಲಾಭ ಹಂಚಿಕೊಂಡೂ ವ್ಯಾಪಾರ ಮಾಡಬಹುದು ಎಂದು ಚೀಲ ಹೊಲಿಯುವ ನಮ್ಮ ಶೆಡ್ಡಿನ ಹೆಂಗಸರ ಕಥೆ ಹೇಳುತ್ತೇನೆ. ನೀನು ಬರೆದುಕೊಟ್ಟ ಭಾಷಣವೇ: "ಚೀಲ ತಿರುವಿ ನೋಡಿ, ಹೊಲಿದವಳ ಹೆಸರು ಒಳಗಿದೆ."

ಮೊನ್ನೆ ಗುರ್‌ಗಾಂವ್‌ನಲ್ಲಿ ಒಬ್ಬ ಹುಡುಗಿ ನಿಜವಾಗಿಯೂ ತಿರುವಿ ನೋಡಿದಳು. ನಾವು ಈ ದೀಪಾವಳಿಗೆ ಮಾರಾಟಕ್ಕೆ ತಂದ ಹೊಸ ನಮೂನೆಯ ಚೀಲ, ವಸಂತ್ ಕುಂಜ್‌ನಲ್ಲಿ ಕೊಂಡದ್ದಂತೆ. ಒಳಗೆ ಕೆಂಪು ದಾರದಲ್ಲಿ ಕಮಲೇಶ್ ಎಂದಿತ್ತು. ಇವರನ್ನು ಭೇಟಿ ಮಾಡಿಸುತ್ತೀರಾ ಎಂದು ಕೇಳಿದಳು. ನಮ್ಮ ಶೆಡ್ಡಿನ ಕಮಲೇಶ್ ಹೋಳಿ ಹಬ್ಬಕ್ಕೆ ಮುಂಚೆಯೇ ತೀರಿಕೊಂಡಳಲ್ಲ, ನೀನೂ ಅವಳ ಮನೆಗೆ ಬಂದಿದ್ದೆ. ಏನೋ ಹೇಳಿ ಜಾರಿಕೊಂಡೆ.

ನೇರವಾಗಿ ಶೆಡ್ಡಿಗೆ ಬಂದೆ. ಹೊಲಿಗೆ ಯಂತ್ರಗಳ ಮೇಲೆ ಹೊದಿಕೆ. ಹೆಂಗಸರು ನೆಲದ ಮೇಲೆ ಕೂತು ಬಟ್ಟೆಯ ಪಟ್ಟಿಗಳ ಮೇಲೆ ತಮ್ಮ ಹೆಸರು ಹೊಲಿಯುತ್ತಿದ್ದರು. ರಾಖಿ ಹಬ್ಬದಿಂದ ಚೀಲ ತಯಾರಾಗುವುದು ಮಾನೇಸರ್‌ನ ಗುತ್ತಿಗೆದಾರನ ಬಳಿಯಂತೆ. ಇವರಿಗೆ ಉಳಿದದ್ದು ಹೆಸರು ಹೊಲಿದ ಕೂಲಿ ಮಾತ್ರ, ಲಾಭದ ಪಾಲಿಲ್ಲ. ಒಂದೊಂದು ಹೆಸರಿಗೆ ಇಂತಿಷ್ಟೇ ಪಟ್ಟಿ ಎಂಬ ಲೆಕ್ಕವಿರುವುದರಿಂದ, ಮನೆಗೆ ನಾಲ್ಕು ಕಾಸು ಹೆಚ್ಚು ಬರಲೆಂದು ಕಮಲೇಶಳ ಸೊಸೆ ಸತ್ತ ಅತ್ತೆಯ ಹೆಸರನ್ನೂ ಹೊಲಿಯುತ್ತಿದ್ದಾಳೆ. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಿಮಗೆ ಗೊತ್ತೇ ಇದೆ ಅಂದುಕೊಂಡಿದ್ದೆವು ದೀದಿ, ಎಂದರು ಹೆಂಗಸರು.

ನಿಮ್ಮಪ್ಪನನ್ನು ಕೇಳಿದೆ. ಸರ್ಕಾರಿ ನೌಕರಿ ಬಿಟ್ಟು ಬಂದರೂ ಕಡತಕ್ಕೆ ಟಿಪ್ಪಣಿ ಬರೆಯುವ ಧಾಟಿ ಬಿಟ್ಟಿಲ್ಲ. ಅಲ್ಲಿ ಅರ್ಧ ಖರ್ಚಿಗೆ ಆಗುತ್ತದೆ, ಮಾತಾಡುವುದು ನಿನ್ನ ಕೆಲಸ, ನಡೆಸುವುದು ನನ್ನದು ಎಂದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದವಳು ನಾನು. ಈಗ ಆ ಮಾತು ನನಗೇ ಬಂತು. ಇಷ್ಟು ವರ್ಷ ಜೊತೆಗಿದ್ದವರು ನನ್ನನ್ನು ತುತ್ತೂರಿ ಮಾಡಿಕೊಂಡರು.

ಸೋಮವಾರ ಮತ್ತೆ ಗುರ್‌ಗಾಂವ್‌ಗೆ ಹೋಗಿ ಆ ಹುಡುಗಿಯ ಮುಂದೆ, ಅವಳ ತರಗತಿಯ ಮುಂದೆ ನಿಜ ಹೇಳುತ್ತೇನೆ. ಆಮೇಲೆ ಯಾವ ಕಾಲೇಜೂ ಕರೆಯಲಿಕ್ಕಿಲ್ಲ. ಬೇಡ ಬಿಡು.

ಆರೋಗ್ಯ ನೋಡಿಕೋ. ಚೆನ್ನಾಗಿ ಓದಿ ದೊಡ್ಡವಳಾಗು, ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ವಾಸಂತಿ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ನನಗೇಕೆ ಹೇಳಲಿಲ್ಲ ಎಂದು ನಿಮ್ಮಪ್ಪನನ್ನು ಕೇಳಿದ್ದಕ್ಕೆ, ಮಾನೇಸರ್‌ಗೆ ಕೊಡುವ ಮೊದಲೇ ಅದಿತಿಯ ಹತ್ತಿರ ಮಾತಾಡಿದ್ದೆನೆಂದರು. ನೀನು ಹೇಳಿದೆಯಂತೆ: "ಅಪ್ಪಾ, ಪ್ಲೀಸ್, ಅಮ್ಮಂಗೆ ಹೇಳ್ಬೇಡ. ಅವ್ಳು ಸಚ್ಚೀ, ನಿಜ್ವಾಗ್ಲೂ ನಂಬಿ ಮಾತಾಡಿದ್ರೇನೇ ಸ್ಟೂಡೆಂಟ್ಸ್ ನಂಬೋದು." ಅವರು ಸುಳ್ಳು ಹೇಳಿದರೆಂದು ಒಂದು ಸಾಲು ಬರೆದು ಕಳಿಸು ಮಗಳೇ. ನಂಬುತ್ತೇನೆ.